ಗುಡ್ಡದ ದಾರಿಗೆ ಹೊಸ ಗೇಟು

ಆ ಹಳೇ ಗೇಟನ್ನು ತೆಗೆಯುವುದಕ್ಕೂ ಒಂದು ವರಸೆ ಬೇಕಿತ್ತು. ಎಡಗೈಯಲ್ಲಿ ಸರಪಳಿ ಬಿಚ್ಚಬೇಕು, ಬಲಗೈಯಲ್ಲಿ ಮೇಲಿನ ಪಟ್ಟಿಯನ್ನು ಹಿಡಿದೆತ್ತಬೇಕು, ಜೊತೆಗೆ ಮೊಣಕಾಲಿಂದ ಒತ್ತು ಕೊಡಬೇಕು. ಆಗ ಅದು ನೆಲ ಕೆರೆಯುತ್ತಾ ಒಬ್ಬರು ನುಸುಳುವಷ್ಟು ಸರಿಯುತ್ತಿತ್ತು. ಗೇಟು ತಿರುಗುವ ಕೀಲು, ಹಿಂಜು, ಹೊತ್ತ ಕಂಬ ಬುಡದಲ್ಲಿ ಕೊಳೆತು ವಾಲಿಕೊಂಡಿತ್ತು. ಎತ್ತಲು ಬೇಸರಪಟ್ಟವರು ಹತ್ತಿ ಇಳಿದು, ಹತ್ತಿ ಇಳಿದು, ಅಡ್ಡಪಟ್ಟಿಗಳಲ್ಲಿ ಎರಡು ಮುರಿದೇ ಹೋಗಿದ್ದವು. ಮುರಿದ ಕಡೆಯಲ್ಲೆಲ್ಲ ಹೊಲದ ಯಜಮಾನ ಹುಲ್ಲುಕಂತೆ ಕಟ್ಟುವ ಕಿತ್ತಳೆ ಬಣ್ಣದ ದಾರ ಸುತ್ತಿದ್ದ. ಕುರಿಗಳಿಗೆ ಆ ದಾರ ಯಾವ ಲೆಕ್ಕ? ಕೆಳಗಿಂದ ನುಸುಳಿ ರಸ್ತೆಗಿಳಿಯುತ್ತಿದ್ದವು. ಹೊಲ ಅವನದಾದರೂ ಅದರ ನಡುವೆ ಗುಡ್ಡದ ನೆತ್ತಿಗೆ ಹೋಗುವ ಕಾಲುದಾರಿ ಎಲ್ಲರದ್ದು. ಕೊನೆಗೆ ಅವನು ದಾರಿ ನೋಡಿಕೊಳ್ಳುವ ಸ್ವಯಂಸೇವಕರಿಗೆ ಹೇಳಿ ಕಳಿಸಿದ, ಮರಿ ಹಾಕುವ ಕಾಲಕ್ಕೆ ಮುಂಚೆ ಗೇಟು ಸರಿಯಾಗಬೇಕು, ಇಲ್ಲವಾದರೆ ದಾರಿ ಮುಚ್ಚುತ್ತೇನೆ ಅಂತ.

ಇಂದಿರಾಗೆ ಆ ವರಸೆ ಕೈಗೆ ಹತ್ತಿ ಒಂದು ವರ್ಷದ ಮೇಲಾಗಿತ್ತು. ಕ್ರೈಸ್ಟ್‌ಚರ್ಚ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಭೂಕಂಪದಲ್ಲಿ ಊರು ಕುಸಿದ ಮರುವರ್ಷ ಗಂಡ ಅನಂತ್‌ಗೆ ಬಿರುಕು ಬಿಟ್ಟ ಕಟ್ಟಡಗಳನ್ನು ಪರೀಕ್ಷಿಸುವ ಇಂಜಿನಿಯರ್ ಕೆಲಸ ಸಿಕ್ಕಿ, ಮೈಸೂರಿನಿಂದ ಮೂವರೂ ಬಂದಿದ್ದರು. ಮೂರನೆಯವನು ಮಗ ಸುಮುಖ. ಹದಿನೇಳು ತುಂಬಿದ ಬೇಸಿಗೆಯಲ್ಲಿ ಗೆಳೆಯನ ಕಾರಿನಲ್ಲಿ ಕ್ರಿಕೆಟ್ ಮ್ಯಾಚಿನಿಂದ ವಾಪಸ್ ಬರುವಾಗ, ಜಲ್ಲಿ ರಸ್ತೆಯ ತಿರುವಿನಲ್ಲಿ ಕಾರು ಹೊರಳಿ ಮರಕ್ಕೆ ಬಡಿದು, ಸುಮುಖ ಅಲ್ಲೇ ತೀರಿಕೊಂಡ. ಕಾರು ಓಡಿಸುತ್ತಿದ್ದ ಗೆಳೆಯನಿಗೆ ಭುಜದ ಮೂಳೆ ಮುರಿಯಿತು, ಅಷ್ಟೇ.

ಆಮೇಲಿನ ದಿನಗಳಲ್ಲಿ ಇಂದಿರಾಳನ್ನು ಮನೆಯಿಂದ ಹೊರಗೆ ಎಳೆದು ತಂದವಳು ಜೋಸ್ಲಿನ್. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಹೆಂಗಸು. ಸಮಾಧಾನ ಹೇಳುವ ಗೋಜಿಗೆ ಅವಳು ಹೋಗಲಿಲ್ಲ. "ಮಾತಾಡೋಕೆ ಬರಬೇಡ. ಮುಳ್ಳುಗಿಡ ಕೀಳೋಕೆ ಬಾ. ಕೈಗವಸು ನಾನೇ ತರ್ತೀನಿ," ಅಂದಿದ್ದಳು. ಇಂದಿರಾ ಹೋದಳು. ದಾರಿಗೆ ಚಾಚಿದ ಗೋರ್ಸ್ ಮುಳ್ಳನ್ನು ಕತ್ತರಿಸುವುದು, ಕೊಚ್ಚಿಹೋದ ಮೆಟ್ಟಿಲಿಗೆ ಮಣ್ಣು ತುಂಬುವುದು, ಬಿದ್ದ ಗುರುತುಗಂಬ ನೆಡುವುದು, ಇಂಥವೇ ಕೆಲಸ. ಆ ಸ್ವಯಂಸೇವಕರ ಗುಂಪಿನವರು ಅವಳನ್ನು ಇಂಡಿ ಅಂತ ಕರೆದರು, ಫ್ಲಾಸ್ಕಿನ ಚಹಾ ಕೊಟ್ಟರು, ಮಕ್ಕಳೆಷ್ಟು ಅಂತ ಕೇಳಲಿಲ್ಲ. ಅದಕ್ಕೇ ಅವಳು ಮತ್ತೆ ಮತ್ತೆ ಹೋದದ್ದು. ಭಾನುವಾರದ ಕನ್ನಡ ಸಂಘದ ಊಟಕ್ಕೆ ಹೋದರೆ ಎಲ್ಲರ ಕಣ್ಣಲ್ಲೂ ಅವಳಿಗೆ ತನ್ನ ಮಗನೇ ಕಾಣುತ್ತಿದ್ದ. ಗುಡ್ಡದಲ್ಲಿ ಮುಳ್ಳು ಮುಳ್ಳಾಗಿಯೇ ಇರುತ್ತಿತ್ತು.

ಅನಂತ್‌ನನ್ನೂ ಕರೆದಿದ್ದಳು. "ನೀನು ಹೋಗು," ಅಂದಿದ್ದ. ಕೆಲಸಕ್ಕೆ ಹೋಗುವುದು, ಬರುವುದು, ಶಬ್ದ ಆರಿಸಿದ ಟಿವಿಯ ಮುಂದೆ ಕೂರುವುದು, ಇಷ್ಟಕ್ಕೆ ನಿಂತಿತ್ತು ಅವನ ಬದುಕು.

ಏಪ್ರಿಲ್ ತಿಂಗಳ ಒಂದು ಶನಿವಾರಕ್ಕೆ ಗೇಟಿನ ಕೆಲಸ ಗೊತ್ತುಮಾಡಿದರು. ಬೆಳಿಗ್ಗೆ ಇಂದಿರಾ ಹೋಗುವಷ್ಟರಲ್ಲಿ ಜೋಸ್ಲಿನ್ ಮತ್ತು ಇನ್ನೊಬ್ಬ ಸ್ವಯಂಸೇವಕ ಟ್ರೆವರ್ ಬಂದು ಹಳೇ ಗೇಟನ್ನು ಬಿಚ್ಚುತ್ತಿದ್ದರು. ಟ್ರೆವರ್‌ಗೆ ಎಪ್ಪತ್ತು ದಾಟಿದೆ, ಹೃದಯದ ಆಪರೇಷನ್ ಆಗಿದೆ, ಭಾರ ಎತ್ತುವಂತಿಲ್ಲ. ಆದರೂ ಸನಿಕೆ ಕೈಬಿಡುವುದಿಲ್ಲ. ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚಿಕೊಳ್ಳದೆ ಸತಾಯಿಸಿದವು. ಕೊನೆಗೆ ಕಂಬವನ್ನೇ ಆಚೀಚೆ ಅಲುಗಾಡಿಸಿದಾಗ ಅದು ಬುಡದಲ್ಲಿ ಒದ್ದೆ ಬಿಸ್ಕತ್ತಿನ ಹಾಗೆ ಮುರಿದು ಬಂತು.

"ಬೇಲಿ ಕೆಲಸದವನಿಗೆ ಬೆನ್ನು ಹಿಡ್ಕೊಂಡಿದೆಯಂತೆ. ಪಕ್ಕದ ಕಣಿವೆಯಿಂದ ಇನ್ನೊಬ್ಬನನ್ನ ಕಳಿಸ್ತಿದ್ದಾನೆ. ಗೇಟೂ ಅವನೇ ತರ್ತಾನೆ," ಅಂದಳು ಜೋಸ್ಲಿನ್.

ಸ್ವಲ್ಪ ಹೊತ್ತಿಗೆ ಹಿಂದೆ ತೆರೆದ ತೊಟ್ಟಿಯಿದ್ದ ಒಂದು ಬಿಳೀ ಯೂಟ್ ಗಾಡಿ ಏರಿ ಬಂತು. ಹಿಂದೆ ಎರಡು ಹೊಸ ಕಂಬ, ಅದರ ಮೇಲೆ ಹಗ್ಗದಲ್ಲಿ ಬಿಗಿದ ಮರದ ಗೇಟು. ಇಳಿದವನು ಟೋಪಿ ಸರಿಮಾಡಿಕೊಂಡು, "ನಾನು ಡಂಕನ್," ಅಂತ ಜೋಸ್ಲಿನ್‌ಗೆ ಕೈ ಚಾಚಿದ. ಅಷ್ಟರಲ್ಲಿ ಇಂದಿರಾಳ ಮುಖ ನೋಡಿದ. ಚಾಚಿದ ಕೈ ಹಾಗೇ ಕೆಳಗಿಳಿಯಿತು.

ಇಂದಿರಾಳೂ ಗುರುತು ಹಿಡಿದಳು. ಕೋರ್ಟಿನಲ್ಲಿ ಎದುರು ಬದಿಯ ಬೆಂಚಿನಲ್ಲಿ ಕೂತಿದ್ದ ಮನುಷ್ಯ ಇವನೇ. ಅವತ್ತು ಟೈ ಕಟ್ಟಿದ್ದ. ಕಾರು ಓಡಿಸಿದ ಹುಡುಗ ಕ್ಯಾಲಮ್‌ನ ತಂದೆ.

ಎರಡೂ ಮನೆಯವರು ಎದುರುಬದುರು ಕೂತು ಮಾತಾಡುವುದಾದರೆ ಏರ್ಪಾಟು ಮಾಡುತ್ತೇವೆ ಅಂತ ಕೋರ್ಟಿನವರು ಆಗ ಕೇಳಿದ್ದರು. ಅನಂತ್ ಬೇಡ ಅಂದಿದ್ದ. ಇಂದಿರಾ ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಕ್ಯಾಲಮ್‌ಗೆ ಸಮುದಾಯ ಸೇವೆಯ ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು. ಆಮೇಲೆ ಆ ಮನೆಯವರು ಊರು ಬಿಟ್ಟರು ಅಂತ ಯಾರೋ ಹೇಳಿದ್ದರು. ಎಲ್ಲಿಗೆ ಅಂತ ಅವಳು ವಿಚಾರಿಸಿರಲಿಲ್ಲ.

"ನಾನು ವಾಪಸ್ ಹೋಗ್ತೀನಿ. ಬೇರೆ ಯಾರನ್ನಾದ್ರೂ ಕಳಿಸ್ತೀನಿ," ಅಂದ ಡಂಕನ್, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ಜೋಸ್ಲಿನ್ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಅವಳಿಗೆ ಇಂದಿರಾಳ ಮಗ ಹೋದದ್ದು ಗೊತ್ತಿತ್ತೇ ಹೊರತು ಕಾರು ಯಾರದು, ಹುಡುಗ ಯಾರ ಮಗ ಎಂಬುದು ಗೊತ್ತಿರಲಿಲ್ಲ. ಇಂದಿರಾ ಆಗಲೇ ತೋಡಿದ್ದ ಗುಂಡಿಯ ಕಡೆ ತಿರುಗಿದಳು. ಅಲ್ಲಿ ಗೇಟಿರಲಿಲ್ಲ, ಕಂಬವೂ ಇರಲಿಲ್ಲ. ಮೇಲಿನ ಹೊಲದಿಂದ ನಾಲ್ಕಾರು ಕುರಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದವು.

"ಕಂಬ ನೆಡಬೇಕಲ್ಲ," ಅಂದಳು.

ಹಾಗೆ ಕೆಲಸ ಶುರುವಾಯಿತು. ಡಂಕನ್ ಕಂಬವನ್ನು ಗುಂಡಿಗೆ ಇಳಿಸಿದ. ಜೋಸ್ಲಿನ್ ರಸಮಟ್ಟ ಹಿಡಿದು ಆ ಕಡೆ, ಈ ಕಡೆ ಅಂತ ಹೇಳಿದಳು. ಇಂದಿರಾ ಮಣ್ಣು ಕಲ್ಲು ತುಂಬುತ್ತಾ ಹೋದ ಹಾಗೆ ಡಂಕನ್ ಹಾರೆಯ ಹಿಂಬದಿಯಿಂದ ಗುದ್ದಿ ಗುದ್ದಿ ಗಟ್ಟಿಮಾಡಿದ. ಗುದ್ದುವ ಪ್ರತಿ ಪೆಟ್ಟಿಗೂ ಅವನ ಬಾಯಿಂದ ಒಂದು ಸಣ್ಣ ಹೂಂಕಾರ ಬರುತ್ತಿತ್ತು. ಅದೊಂದನ್ನೇ ಕೇಳಿಸಿಕೊಳ್ಳುತ್ತಾ ಇಂದಿರಾ ಮಣ್ಣು ಹಾಕಿದಳು. ಇವನನ್ನು ಕಂಡರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನ್ನಿಸುತ್ತದೆ ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದಳು. ಈಗ ಕೈಯಲ್ಲಿ ಸನಿಕೆಯೇ ಇತ್ತು, ಮನಸ್ಸಿನಲ್ಲಿ ಮಾತ್ರ ಏನೂ ಏಳಲಿಲ್ಲ. ಅವನ ಕತ್ತು ಸೊರಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೋರ್ಟಿನಲ್ಲಿ ನೋಡಿದಾಗ ಹಾಗಿರಲಿಲ್ಲ.

ಎರಡೂ ಕಂಬ ನಿಂತ ಮೇಲೆ ಚಹಾ ಕುಡಿದರು. ಗುಡ್ಡದ ಮೇಲೆ ಗುರುತುಗಂಬವೊಂದು ಬಿದ್ದಿದೆಯಂತೆ, ಗೇಟು ಕೂರಿಸುವುದು ಇಬ್ಬರ ಕೆಲಸವಲ್ಲವೇ, ಅಷ್ಟರಲ್ಲಿ ಅದನ್ನೂ ನೋಡಿಕೊಂಡು ಬರೋಣ ಅಂದ ಟ್ರೆವರ್. ಅವನೊಬ್ಬನನ್ನೇ ಗುಡ್ಡಕ್ಕೆ ಕಳಿಸುವಂತಿಲ್ಲ. ಜೋಸ್ಲಿನ್ ಇಂದಿರಾಳ ಪಕ್ಕಕ್ಕೆ ಬಂದು, "ನೀನು ಬೇಕಾದ್ರೆ ಟ್ರೆವರ್ ಜೊತೆ ಹೋಗು, ನಾನಿಲ್ಲಿ ಇರ್ತೀನಿ," ಅಂದಳು. ಏನೋ ಇದೆ ಅಂತ ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆದರೆ ಜೋಸ್ಲಿನ್‌ಳ ಮಣಿಕಟ್ಟು ಸರಿಯಿಲ್ಲದ್ದು, ಗೇಟಿನ ಭಾರ ತಡೆಯದ್ದು ಇಂದಿರಾಗೆ ಗೊತ್ತು. "ಪರವಾಗಿಲ್ಲ, ಹೋಗಿ ಬನ್ನಿ," ಅಂದಳು.

ಅವರಿಬ್ಬರೂ ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಡಂಕನ್ ಕಂಬಕ್ಕೆ ತೂತು ಕೊರೆಯುವುದರಲ್ಲೇ ಇದ್ದ. ಹಿಂಜಿನ ಕೊಕ್ಕೆಗಳನ್ನು ಬಿಗಿದ. ಹುಲ್ಲಿನ ಮೇಲೆ ಮಲಗಿಸಿದ್ದ ಗೇಟಿನ ಹತ್ತಿರ ಬಂದು ಒಂದು ತುದಿಗೆ ಕೈ ಹಾಕಿದವನು ಎತ್ತದೆ ನಿಂತ.

"ಎತ್ತೋಕೆ ಮುಂಚೆ ನಿಮಗೊಂದು ವಿಷಯ ಹೇಳಬೇಕು," ಅಂದ. "ಈ ಗೇಟು ಅಂಗಡಿಯಿಂದ ತಂದದ್ದಲ್ಲ. ಕ್ಯಾಲಮ್ ಮಾಡಿದ್ದು. ಯಾವುದೋ ಕಾಲುದಾರಿಗೆ ಅಂತ ಅಷ್ಟೇ ಅವನಿಗೆ ಗೊತ್ತು. ನೀವು ಇಲ್ಲಿರ್ತೀರಿ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಬೇಡ ಅಂದ್ರೆ ಹೇಳಿ, ಯೂಟ್‌ಗೆ ಹಾಕ್ಕೊಂಡು ಹೋಗ್ತೀನಿ. ಅಳತೆ ತಪ್ಪಿದೆ ಅಂತ ಅವರಿಗೆ ಹೇಳಿ, ಬೇರೆ ಯಾವುದಾದ್ರೂ ಕಬ್ಬಿಣದ್ದು ತರ್ತೀನಿ."

ಇಂದಿರಾ ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎಲ್ಲಾದರೂ ಒಂದು ಕಡೆ ಏನಾದರೂ ತಪ್ಪಿದೆಯೇ ಅಂತ ನೋಡಿದಳು. ಸೊಟ್ಟ ಹೊಡೆದ ಮೊಳೆ, ಸರಿಯಾಗಿ ಕೂರದ ಪಟ್ಟಿ, ಸೀಳು, ಏನಾದರೂ. ಏನೂ ಸಿಗಲಿಲ್ಲ. ಪಟ್ಟಿಗಳ ಅಂಚನ್ನೆಲ್ಲ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದ. ಕೈಯಿಟ್ಟು ತಳ್ಳುವ ಜಾಗದಲ್ಲಂತೂ ಮರ ಹಳೇ ಪಾತ್ರೆಯ ಹಿಡಿಯಷ್ಟು ನುಣುಪಾಗಿತ್ತು. ದಾರಿಯಲ್ಲಿ ಹೋಗುವ ಯಾರೋ ಗುರುತಿಲ್ಲದವರ ಕೈಗೆ ಸಿಬಿರು ಚುಚ್ಚಬಾರದು ಅಂತ ಇಷ್ಟು ಯೋಚನೆ ಮಾಡಿದ್ದಾನೆ. ಅವತ್ತು ಆ ತಿರುವಿನಲ್ಲಿ ಇದರ ಒಂದು ಪಾಲು ಯೋಚನೆ ಮಾಡಿದ್ದರೆ?

"ಅವನು ಈಗ ಏನು ಮಾಡ್ತಿದ್ದಾನೆ?" ಅಂತ ಕೇಳಿದಳು. ಹೆಸರು ಹೇಳಲಿಲ್ಲ.

"ಶೆಡ್ಡಿನಲ್ಲಿರ್ತಾನೆ. ಮರಗೆಲಸ. ಯಾರ ಜೊತೆಗೂ ಬೆರೆಯಲ್ಲ. ಲೈಸೆನ್ಸ್ ತೊಗೋಬಹುದು ಅಂದ್ರೂ ತೊಗೊಂಡಿಲ್ಲ. ಎಲ್ಲಿಗೆ ಹೋಗ್ಬೇಕಾದ್ರೂ ಸೈಕಲ್ಲು. ನನ್ನ ಗಾಡೀಲಿ ಕರ್ಕೊಂಡು ಹೋಗಬೇಕಾದ್ರೆ ಹಿಂದಿನ ಸೀಟಲ್ಲಿ ಕೂರ್ತಾನೆ." ಡಂಕನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಇದೆಲ್ಲ ನಿಮಗೆ ಹೇಳೋ ಹಕ್ಕು ನನಗಿಲ್ಲ. ನನ್ನ ಮಗ ಊಟಕ್ಕೆ ಮನೆಗೆ ಬರ್ತಾನೆ. ಅದು ನನಗೆ ಗೊತ್ತು."

ನೋಡುತ್ತಿದ್ದಂತೆ ಒಂದು ಕುರಿ ಧೈರ್ಯ ಮಾಡಿ ಕಂಬಗಳ ಹತ್ತಿರಕ್ಕೇ ಬಂದು ನಿಂತಿತು. ಇಂದಿರಾ ಎದ್ದು ಅದನ್ನು ಓಡಿಸಿ ಬಂದಳು.

"ಎತ್ತಿ," ಅಂದಳು. "ಇಲ್ಲದಿದ್ರೆ ಇವೆಲ್ಲ ರಸ್ತೆಗೆ ಹೋಗ್ತಾವೆ."

ಗೇಟು ಭಾರವಾಗಿತ್ತು. ಇಬ್ಬರೂ ಒಂದೊಂದು ತುದಿ ಹಿಡಿದು ತಂದು ಕೆಳಗಿಟ್ಟ ಮರದ ತುಂಡುಗಳ ಮೇಲೆ ನಿಲ್ಲಿಸಿದರು. ಇಂದಿರಾ ಅದನ್ನು ಎದೆಗೆ ಒರಗಿಸಿ ಹಿಡಿದುಕೊಂಡಳು, ಡಂಕನ್ ಮಂಡಿಯೂರಿ ಕೂತು ಹಿಂಜು ಕೂರಿಸಿದ. ಬೋಲ್ಟು ತೂತಿಗೆ ಸಿಗದೆ ಎರಡು ಸಲ ಹುಲ್ಲಿಗೆ ಬಿತ್ತು. ಕೈ ಬಿಟ್ಟರೆ ಇಷ್ಟು ಭಾರ ಅವನ ಮೇಲೇ ಬೀಳುತ್ತದೆ. ಅದು ಅವನಿಗೂ ಗೊತ್ತಿತ್ತು, ಆದರೂ ತಲೆ ಎತ್ತಿ ನೋಡಲಿಲ್ಲ. ಹೊಸ ಮರದ ವಾಸನೆ ಅವಳ ಮುಖಕ್ಕೆ ಬಡಿಯುತ್ತಿತ್ತು. ಸುಮುಖನ ಹೆಣವನ್ನು ಕೂಡ ಹೀಗೆ ಎದೆಗೆ ಒತ್ತಿ ಹಿಡಿಯಲು ಅವಳಿಗೆ ಆಗಿರಲಿಲ್ಲ. ಗಾಯ ತುಂಬ ಇದೆ, ಬೇಡ ಅಂದಿದ್ದರು.

"ನಿಧಾನ," ಅಂದಳು ಡಂಕನ್‌ಗೆ. "ನಾನು ಹಿಡ್ಕೊಂಡಿದ್ದೀನಿ."

ಮೂರನೇ ಸಲಕ್ಕೆ ಬೋಲ್ಟು ಕೂತಿತು.

ಜೋಸ್ಲಿನ್, ಟ್ರೆವರ್ ಇಳಿದು ಬಂದಾಗ ಗೇಟು ಒಂದು ಬೆರಳಿಗೆ ತೆರೆದುಕೊಳ್ಳುತ್ತಿತ್ತು. ಟ್ರೆವರ್ ಸಣ್ಣ ಮಗುವಿನ ಹಾಗೆ ನಾಲ್ಕು ಸಲ ತೆಗೆದು ಹಾಕಿ ನೋಡಿದ. ಒಂದು ಫೋಟೋ ಬೇಕು ಅಂದಳು ಜೋಸ್ಲಿನ್. ನಾನೇ ತೆಗೀತೀನಿ ಅಂತ ಇಂದಿರಾ ಫೋನು ಕೈಗೆ ತೊಗೊಂಡಳು. ಡಂಕನ್ ಫೋಟೋಕ್ಕೆ ನಿಲ್ಲಲಿಲ್ಲ. ಮುರಿದ ಪಟ್ಟಿಗಳನ್ನು ಯೂಟ್‌ಗೆ ತುಂಬಿಕೊಂಡು, ಅವಳ ಕಡೆ ತಲೆಬಾಗಿಸಿ, ಹೊರಟುಹೋದ.

ಮನೆಗೆ ಬಂದು ಇಂದಿರಾ ಅನಂತ್‌ಗೆ ಎಲ್ಲ ಹೇಳಿದಳು. ಮುಚ್ಚಿಡಬಹುದಿತ್ತು, ಆದರೆ ಎಷ್ಟನ್ನು ಅಂತ ಮುಚ್ಚಿಡುವುದು? ಅವನು ಟಿವಿಯ ಕಡೆಯಿಂದ ತಿರುಗದೆ ಕೇಳಿಸಿಕೊಂಡ.

"ನೀನು ಹಿಡ್ಕೊಂಡ್ಯಾ?" ಅಂತ ಕೇಳಿದ.

"ಹಿಡ್ಕೊಂಡೆ."

"ಆ ಹುಡುಗ ಮಾಡಿದ್ದನ್ನ."

"ಬೇರೆ ಯಾರೂ ಇರಲಿಲ್ಲ ರೀ. ಕುರಿ ಎಲ್ಲ..."

"ಕುರಿ," ಅಂದ ಅನಂತ್. ಆಮೇಲೆ, "ಅವನಿಗೇನು, ಗೇಟು ಮಾಡ್ತಾನೆ. ನಾಳೆ ಮೇಜು ಮಾಡ್ತಾನೆ, ಮನೆ ಕಟ್ತಾನೆ. ಬದುಕಿದಾನಲ್ಲ, ಮಾಡ್ಲಿ. ಅದನ್ನ ಎತ್ತಿ ನಿಲ್ಲಿಸೋಕೆ ನೀನೇ ಬೇಕಾಗಿತ್ತಾ?" ಅಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಇಂದಿರಾಗೆ ಸುಲಭವಾಗುತ್ತಿತ್ತು.

ಅಲ್ಲಿಂದ ಮುಂದೆ ಅವನು ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಜಗಳವಲ್ಲ. ಅವಳು ಬರುವುದಕ್ಕೆ ಮುಂಚೆ ಉಂಡು, ತಟ್ಟೆ ತೊಳೆದಿಟ್ಟು ಎದ್ದುಬಿಡುತ್ತಿದ್ದ. ಅವಳೂ ಗುಡ್ಡಕ್ಕೆ ಹೋಗುವುದನ್ನು ನಿಲ್ಲಿಸಿದಳು. ಜೋಸ್ಲಿನ್ ಫೋನು ಮಾಡಿದಾಗೆಲ್ಲ ಡ್ಯೂಟಿ ಇದೆ ಅಂದಳು. ಜೂನಿಗೆ ಶುರುವಾಗುವ ಅಲ್ಲಿನ ಚಳಿಗಾಲವಿಡೀ ಮನೆಯಲ್ಲಿ ಇಬ್ಬರೂ ಎರಡು ಬೇರೆ ಬೇರೆ ಬಾಡಿಗೆದಾರರ ಹಾಗೆ ಇದ್ದರು. ಸುಮುಖನ ಕೋಣೆಯ ಹೀಟರ್ ಮಾತ್ರ ವಾರಕ್ಕೊಮ್ಮೆ ಯಾರೋ ಹಾಕುತ್ತಿದ್ದರು, ಗೋಡೆಗೆ ಬೂಷ್ಟು ಹಿಡಿಯದ ಹಾಗೆ. ಒಂದು ವಾರ ಅವಳು ಹಾಕಿದರೆ ಇನ್ನೊಂದು ವಾರ ಅವನು ಹಾಕುತ್ತಿದ್ದ. ಅದರ ಬಗ್ಗೆಯೂ ಮಾತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಮಂಗಳವಾರ ಅವಳಿಗೆ ರಜೆ ಇತ್ತು. ಮೂರು ದಿನ ಸುರಿದ ಮಳೆ ಬಿಟ್ಟು ಬಿಸಿಲು ಬಂದಿತ್ತು. ವಾರದ ನಡುವೆ ಅಲ್ಲಿ ಯಾರೂ ಇರುವುದಿಲ್ಲ ಎಂಬ ಧೈರ್ಯದ ಮೇಲೆ ಇಂದಿರಾ ಕಾರು ತೆಗೆದಳು. ಮರಿ ಹಾಕುವ ಕಾಲ. ಹೊಲದ ತುಂಬ ತಾಯಿ ಕುರಿಗಳ ಹಿಂದೆ ಮರಿಗಳು ಓಡಾಡುತ್ತಿದ್ದವು. ಬೇಲಿಗೆ ಒಂದು ಸೈಕಲ್ ಒರಗಿತ್ತು. ಗೇಟಿನ ಹತ್ತಿರ ಯಾರೋ ಗಂಡಸು ಬೆನ್ನು ಹಾಕಿ ಬಗ್ಗಿಕೊಂಡು, ಮಳೆಗೆ ಉಬ್ಬಿದ ಅಂಚನ್ನು ಕೀಸುಳಿಯಿಂದ ಹೆರೆಯುತ್ತಿದ್ದ. ಅಗಲವಾದ ಭುಜ, ಕತ್ತಿನವರೆಗೆ ಕೂದಲು. ಹೊಲದ ಆಳಿರಬೇಕು ಅಂದುಕೊಂಡು ಅವಳು ಹತ್ತಿರ ಹೋದಳು.

ಅವನು ತಿರುಗಿದ. ಮುಖದ ತುಂಬ ಕೆಂಚು ಗಡ್ಡ. ಒಂದು ಕ್ಷಣ ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಕಣ್ಣಿನಿಂದ ಗೊತ್ತಾಯಿತು.

ಅವಳ ಎದೆ ಕಲಕಿದ್ದು ಅವನನ್ನು ಕಂಡದ್ದಕ್ಕಲ್ಲ, ಅವನ ವಯಸ್ಸಿಗೆ. ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತು, ಕಾವಲಿಯಿಂದ ಇಳಿದ ಹಾಗೇ ದೋಸೆ ತಿನ್ನುತ್ತಿದ್ದ ಪೀಚು ಹುಡುಗ ಇವನು. ಸುಮುಖನಿಗಿಂತ ಎರಡು ತಿಂಗಳಿಗೆ ಚಿಕ್ಕವನು. ಅವಳ ಮನಸ್ಸಿನಲ್ಲಿ ಸುಮುಖ ಹದಿನೇಳಕ್ಕೇ ನಿಂತಿದ್ದ. ಅವನೂ ಇಷ್ಟು ಹೊತ್ತಿಗೆ ಹೀಗೆ ಅಗಲವಾಗಿರುತ್ತಿದ್ದ, ಅವನಿಗೂ ಗಡ್ಡ ಬಂದಿರುತ್ತಿತ್ತು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಇದ್ದ ಮಗನ ಜೊತೆ, ಆಗಬೇಕಿದ್ದ ಮಗನನ್ನೂ ಆ ಗೇಟಿನ ಮುಂದೆ ಅವಳು ಕಳೆದುಕೊಂಡಳು.

"ಆಂಟಿ," ಅಂದ ಕ್ಯಾಲಮ್.

ಅವರ ಮಂದಿಯಲ್ಲಿ ಗೆಳೆಯರ ಅಮ್ಮಂದಿರನ್ನು ಹಾಗೆ ಕರೆಯುವ ರೂಢಿ ಇಲ್ಲ. ಸುಮುಖನ ಬೇರೆ ಗೆಳೆಯರು ಕರೆಯುವುದನ್ನು ಕೇಳಿ ಇವನೂ ಕಲಿತಿದ್ದ. ಅವನು ಆತುರದಿಂದ ಉಪಕರಣಗಳನ್ನು ಚೀಲಕ್ಕೆ ಹಾಕತೊಡಗಿದ. "ಅಪ್ಪ ಆಮೇಲೆ ಹೇಳಿದ್ರು, ನೀವು ಇಲ್ಲಿಗೆ ಬರ್ತೀರಿ ಅಂತ. ವಾರದ ದಿನ ಇರಲ್ಲ ಅಂದ್ಕೊಂಡೆ. ನಾನು ಹೋಗ್ತೀನಿ."

"ಇರು," ಅಂದಳು ಇಂದಿರಾ, ಕನ್ನಡದಲ್ಲೇ. ಅವನಿಗೆ ಆ ಮಾತು ಗೊತ್ತಿತ್ತು. ಇರು, ಬಾ, ಸಾಕಾ, ಇನ್ನೊಂದು. ಇಷ್ಟು ಕನ್ನಡ ಆ ಅಡುಗೆಮನೆಯಲ್ಲಿ ಅವನ ಕಿವಿಗೆ ಬಿದ್ದಿತ್ತು. ಚೀಲ ಕೈಯಲ್ಲೇ ಹಿಡಿದು ನಿಂತ.

ಕೋರ್ಟಿನಲ್ಲಿ ಎಲ್ಲ ಹೇಳಿದ್ದರು. ಕಾರಿನ ವೇಗ, ಜಲ್ಲಿಯ ದಪ್ಪ, ಚಕ್ರ ಜಾರಿದ ಗುರುತು, ಆ ತಿರುವಿಗೆ ಮುಂಚೆ ಇದ್ದ ಫಲಕ. ಅನಂತ್‌ಗೆ ಅದೆಲ್ಲ ಬಾಯಿಪಾಠವಾಗಿತ್ತು. ಆದರೆ ಒಂದು ವಿಷಯವನ್ನು ಯಾರೂ ಕೇಳಿರಲಿಲ್ಲ. ಕೇಸಿಗೆ ಅದರಿಂದ ಉಪಯೋಗವಿರಲಿಲ್ಲವೇನೋ.

"ಕಾರು ಜಾರೋ ಹೊತ್ತಿಗೆ ಸುಮುಖ ಏನು ಮಾಡ್ತಿದ್ದ?" ಅಂತ ಕೇಳಿದಳು.

ಕ್ಯಾಲಮ್ ಗೇಟಿನ ಮೇಲೆ ಬಿದ್ದಿದ್ದ ಮರದ ಸುರುಳಿ ಸಿಪ್ಪೆಗಳನ್ನು ಬೆರಳಿಂದ ಸರಿಸಿ ಗುಡ್ಡೆ ಮಾಡಿದ.

"ನಿದ್ದೆ ಮಾಡ್ತಿದ್ದ, ಆಂಟಿ," ಅಂದ. "ಆಟ ಆಡಿ ಸುಸ್ತಾಗಿದ್ದ. ತಲೆನ ಕಿಟಕಿಗೆ ಒರಗಿಸಿದ್ದ. ಅವನಿಗೆ ಏನೂ ಗೊತ್ತಾಗಲಿಲ್ಲ."

"ಒಂದು ಸಲ ಕೂಗಲೂ ಇಲ್ವಾ?"

"ಇಲ್ಲ. ಎಚ್ಚರಾನೇ ಆಗ್ಲಿಲ್ಲ."

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಗಡ್ಡದ ಮೇಲೆ ಕಿವಿಗಳು ಕೆಂಪಾದವು. ಆಮೇಲೆ ಏನೋ ಇನ್ನೂ ಹೇಳಲು ಹೊರಟು, ಆಗದೆ, ತೋಳಿನಿಂದ ಬಾಯಿ ಮುಚ್ಚಿಕೊಂಡು ಅಳಲು ಶುರುಮಾಡಿದ. ಇಂದಿರಾ ಅವನನ್ನು ಮುಟ್ಟಲಿಲ್ಲ. ಮುಟ್ಟಬೇಕು ಅನ್ನಿಸಿತು, ಆದರೆ ಕೈ ಮೇಲೇಳಲಿಲ್ಲ.

"ಸರಿ, ಕ್ಯಾಲಮ್," ಅಂದಳು.

ಅವನು ಗೇಟು ತೆರೆದು ಹಿಡಿದ. ಅವಳು ದಾಟಿಕೊಂಡು ಗುಡ್ಡ ಹತ್ತಿದಳು. ಮೇಲೆ ಹೋಗಿ, ಹಡಗುಗಳ ಬಂದರು ಕಾಣುವ ಕಡೆ ಕಲ್ಲಿನ ಮೇಲೆ ಕೂತಳು. ಸುಮುಖ ಓಡುವ ಗಾಡಿಯಲ್ಲಿ ಎಂದೂ ನಿದ್ದೆ ಮಾಡಿದವನಲ್ಲ. ಕೂಸಾಗಿದ್ದಾಗಿಂದಲೂ ಅಷ್ಟೇ. ಕಣ್ಣು ಮುಚ್ಚಿದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಅದಕ್ಕೇ ರಸ್ತೆಯನ್ನೇ ನೋಡುತ್ತಾ, ಪಕ್ಕದಲ್ಲಿದ್ದವರ ಕಿವಿ ತೂತಾಗುವ ಹಾಗೆ ಮಾತಾಡುತ್ತಾ ಕೂರುತ್ತಿದ್ದ. ಅವತ್ತೂ ಮಾತಾಡುತ್ತಲೇ ಇದ್ದಿರಬೇಕು. ತಿರುವನ್ನು ನೋಡಿಯೇ ಇರಬೇಕು. ಕೂಗಿಯೂ ಇರಬೇಕು. ಆ ಕೂಗು ಕೇಳಿದವನು ಲೋಕದಲ್ಲಿ ಒಬ್ಬನೇ. ಅವನು ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಅವಳಿಗೆ ಒಂದು ನಿದ್ದೆಯನ್ನು ಕೊಟ್ಟು ಕಳಿಸಿದ್ದ. ಇಂದಿರಾ ಅಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಇಳಿದು ಬರುವಷ್ಟರಲ್ಲಿ ಸೈಕಲ್ ಇರಲಿಲ್ಲ.

ಆ ಸಂಜೆ ಅನಂತ್ ತಟ್ಟೆ ಹಾಕಿಕೊಂಡು ಉಣ್ಣಲು ಕೂತಾಗ ಅವಳು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಅವನು ಎದ್ದುಹೋಗಲಿಲ್ಲ.

"ಕ್ಯಾಲಮ್ ಸಿಕ್ಕಿದ್ದ," ಅಂದಳು.

ಅನಂತ್ ಕಲಸುತ್ತಿದ್ದ ಕೈ ನಿಲ್ಲಿಸಿದ.

"ನಾನೇ ಕೇಳಿದೆ ರೀ. ಆ ಹೊತ್ತಲ್ಲಿ ಸುಮುಖ ನಿದ್ದೆ ಮಾಡ್ತಿದ್ದನಂತೆ. ಕಿಟಕಿಗೆ ಒರಗಿಕೊಂಡು. ಏನೂ ಗೊತ್ತಾಗಲಿಲ್ವಂತೆ."

ಅನಂತ್ ತಟ್ಟೆಯನ್ನೇ ನೋಡುತ್ತಾ ಕೂತ. ಅನ್ನ ಆರುತ್ತಾ ಬಂತು.

"ಗಾಡೀಲಿ ಅವನೆಲ್ಲಿ ನಿದ್ದೆ ಮಾಡ್ತಿದ್ದ ಇಂದಿರಾ," ಅಂದ ಕೊನೆಗೆ. "ಬೆಂಗಳೂರಿಂದ ಮೈಸೂರಿಗೆ ಹೋಗೋವಾಗ ಒಂದು ದಿನ ಕಣ್ಣು ಮುಚ್ಚಿದ್ದುಂಟಾ? ನನ್ನನ್ನೂ ಮಲಗೋಕೆ ಬಿಡ್ತಿರಲಿಲ್ಲ."

"ಇಲ್ಲ," ಅಂದಳು ಇಂದಿರಾ. "ಬಿಡ್ತಿರಲಿಲ್ಲ."

ಅನಂತ್ ಎಡಗೈಯಿಂದ ಕಣ್ಣುಜ್ಜಿಕೊಂಡ. ಮತ್ತೆ ಮಾತಾಡಿದಾಗ ಅವನ ದನಿ ಗುರುತೇ ಸಿಗದಷ್ಟು ಸಣ್ಣದಾಗಿತ್ತು.

"ಆದ್ರೆ ಅವತ್ತು ಇಡೀ ದಿನ ಬಿಸಿಲಲ್ಲಿ ಆಡಿದ್ದನಲ್ಲ. ದಣಿದಿದ್ದನೇನೋ."

"ಹೌದು ರೀ," ಅಂದಳು ಅವಳು. "ತುಂಬ ದಣಿದಿದ್ದ."

ಅವನು ಅಳತೊಡಗಿದ. ಮಗ ಹೋದ ಮೇಲೆ ಅವಳ ಎದುರಿಗೆ ಅತ್ತದ್ದು ಅದೇ ಮೊದಲು. ಇಂದಿರಾ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು, ಅವನ ತಲೆಯನ್ನು ತನಗೆ ಒತ್ತಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅವನು ಸುಧಾರಿಸಿಕೊಂಡು, ನೀನು ಉಂಡ್ಯಾ ಅಂತ ಕೇಳಿದ. ಇಲ್ಲ ಅಂದಳು. ಅವನೇ ಎದ್ದು ಅವಳಿಗೊಂದು ತಟ್ಟೆ ತಂದಿಟ್ಟ.